ಬೈಪಾಸ್ ಆದಮೇಲೆ ಪಲ್ಸ್ 52: ಮಲಗಬೇಕಾ, ನಡೆಯಬೇಕಾ?

ನಮ್ಮ ಭಾವನ ಪಲ್ಸ್ 52ಕ್ಕೆ ಇಳಿದ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಭಾವ ಪಾಂಡವಪುರದ ಕಡೆಯ ರೈತ. ವಯಸ್ಸು 62. ಕಬ್ಬು, ಭತ್ತ, ಎರಡು ಹಸು. ಬೈಪಾಸ್ ಆಪರೇಷನ್ ಮುಗಿಸಿಕೊಂಡು ನೇರ ಊರಿಗೆ ಹೋಗುವುದು ಬೇಡ, ಮೂರು ತಿಂಗಳು ಮೈಸೂರಿನ ನಮ್ಮ ಮನೆಯಲ್ಲೇ ಇರಲಿ ಎಂದು ಅಕ್ಕ ತೀರ್ಮಾನ ಮಾಡಿದಳು. ನಮ್ಮದು ಸರಸ್ವತಿಪುರಂ. ಆಸ್ಪತ್ರೆಗೆ ಹೋಗಿಬರುವುದು ಸುಲಭ, ಕುಕ್ಕರಹಳ್ಳಿ ಕೆರೆ ನಡೆದು ಹೋಗುವಷ್ಟು ಹತ್ತಿರ.

ಕೋವಿಡ್ ಕಾಲದಲ್ಲಿ ತಂದಿದ್ದ ಆಕ್ಸಿಮೀಟರ್ ಒಂದು ಮನೆಯಲ್ಲಿತ್ತು. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಅದನ್ನು ಭಾವನ ಬೆರಳಿಗೆ ಸಿಕ್ಕಿಸಿ, ಬಂದ ಅಂಕಿಯನ್ನು ಅಕ್ಕ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಬರೆಯುತ್ತಿದ್ದಳು, ಹಾಲಿನ ಲೆಕ್ಕ ಬರೆಯುವ ಹಾಗೆ. ಮೊದಮೊದಲು 94, 91, 92. ಆಮೇಲೆ 80ರ ಕೆಳಗೆ ಬಂತು. 76, 70, 64. ಒಂಬತ್ತನೇ ವಾರದಲ್ಲಿ ಒಂದು ದಿನ 52. ಅಕ್ಕ ಬೆರಳು ಬದಲಾಯಿಸಿ ನೋಡಿದಳು. ಮತ್ತೆ 52.

ಅವತ್ತೇ ಊರಿನಿಂದ ನೆಂಟರು ಬಂದಿದ್ದರು. 72 ಇರಬೇಕಲ್ವಾ, ಇಪ್ಪತ್ತು ಕಡಿಮೆ ಆಗಿದೆ ಅಂದರೆ ಎದೆ ಸೋತಿದೆ ಅಂತಲೇ ಅರ್ಥ ಎಂದರು. ವಾಕಿಂಗ್ ಗೀಕಿಂಗ್ ಎಲ್ಲ ನಿಲ್ಲಿಸಿ, ಸುಮ್ನೆ ಮಲಗಿರಲಿ ಎಂದರು. ಪ್ರೀತಿಯಿಂದಲೇ ಹೇಳಿದ್ದು. ಭಾವ ಎರಡು ದಿನ ಮಂಚ ಬಿಟ್ಟು ಇಳಿಯಲಿಲ್ಲ. ಎಣ್ಣೆ ತೀರುತ್ತಿರುವ ದೀಪದ ಹಾಗೆ ತನ್ನ ಎದೆ ಎಂದು ಅವರೂ ನಂಬಿಬಿಟ್ಟಿದ್ದರು.

ಆ ಎರಡು ದಿನದ ಭಯ ಬಹಳ ಮನೆಗಳಲ್ಲಿ ಇದೆ. ಆಪರೇಷನ್ ಮಾಡಿಸಿಕೊಂಡವರು ಬಡಿತ ಕಡಿಮೆ ಎಂದು ಹೆದರಿ, ನಡೆಯುವುದನ್ನು ಬಿಟ್ಟು, ಅದರಿಂದಲೇ ಸೊರಗುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಡಿತ ಎಲ್ಲಿಂದ ಹುಟ್ಟುತ್ತದೆ ಎಂದು ನೋಡೋಣ. ಎದೆ ಬಡಿಯಲು ಮಿದುಳು ಅಪ್ಪಣೆ ಕೊಡಬೇಕು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಒಂದು ಚಿಕ್ಕ ಗಂಟು ಇದೆ. ಅಲ್ಲಿನ ಜೀವಕೋಶಗಳು ತಮ್ಮಷ್ಟಕ್ಕೆ ತಾವೇ ವಿದ್ಯುತ್ ಮಿಡಿತ ಹೊರಡಿಸುತ್ತಲೇ ಇರುತ್ತವೆ. ಈ ಗಂಟನ್ನು ಗುರುತಿಸಿದವರು ಸ್ಕಾಟ್ಲೆಂಡಿನ ಆರ್ಥರ್ ಕೀತ್ ಮತ್ತು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಮಾರ್ಟಿನ್ ಫ್ಲ್ಯಾಕ್. ನೆಲದೊಳಗೆ ಬಿಲ ತೋಡುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅದು ಕಣ್ಣಿಗೆ ಬಿತ್ತು. 1907ರಲ್ಲಿ ಅದನ್ನು ಪ್ರಕಟಿಸಿದರು.

ಈ ಗಂಟನ್ನು ಅದರ ಪಾಡಿಗೆ ಬಿಟ್ಟರೆ ಎಷ್ಟು ಸಲ ಬಡಿಯುತ್ತದೆ? ಲೆಕ್ಕ ಸಿಗುತ್ತದೆ. 118ರಿಂದ, ನಿಮ್ಮ ವಯಸ್ಸಿನ ಅರ್ಧಕ್ಕಿಂತ ತುಸು ಜಾಸ್ತಿ ಕಳೆಯಬೇಕು. ಸರಿಯಾಗಿ ಹೇಳಬೇಕೆಂದರೆ ವಯಸ್ಸನ್ನು 0.57ರಿಂದ ಗುಣಿಸಿ ಕಳೆಯಬೇಕು. ಭಾವನ ವಯಸ್ಸಿಗೆ ಅದು ಸುಮಾರು 83. ಅಂದರೆ ಯಾರೂ ಹಿಡಿಯದೆ, ಯಾರೂ ಹೊಡೆಯದೆ ಅವರ ಹೃದಯ ನಿಮಿಷಕ್ಕೆ 83 ಸಲ ಬಡಿಯಬೇಕು. ಆರೋಗ್ಯವಂತರಲ್ಲಿ ಕೂತಾಗ 60, 70 ಇರುತ್ತದೆ ಎಂದರೆ ಯಾರೋ ಹಿಡಿದಿದ್ದಾರೆ ಅಂತಾಯ್ತು.

ಎತ್ತಿನ ಗಾಡಿ ಹೊಡೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಎತ್ತು ನಡೆಯುವುದು ತನ್ನ ಕಾಲಿನ ಬಲದಿಂದ. ಮೂಗುದಾರ ಎಳೆದರೆ ನಿಧಾನ, ಬಾರುಕೋಲು ಮುಟ್ಟಿಸಿದರೆ ಜೋರು. ಹೃದಯಕ್ಕೆ ಮೂಗುದಾರ ಅಂದರೆ ವೇಗಸ್ ಎಂಬ ನರ. ಮಿದುಳಿನ ಬುಡದಿಂದ ಹೊರಟು, ಕುತ್ತಿಗೆಯಲ್ಲಿ ಇಳಿದು ಹೃದಯಕ್ಕೆ ಬರುತ್ತದೆ. 1845ರಲ್ಲಿ ಜರ್ಮನಿಯ ವೇಬರ್ ಸಹೋದರರು ಆ ನರಕ್ಕೆ ವಿದ್ಯುತ್ ಮುಟ್ಟಿಸಿದಾಗ ಬಡಿತ ನಿಧಾನವಾಯಿತು. ಆದರೆ ಒಂದು ನರ ಹೃದಯವನ್ನು ತಡೆಯುವುದು ಹೇಗೆ ಎಂಬುದು ಮುಂದಿನ ಮುಕ್ಕಾಲು ಶತಮಾನ ಬಗೆಹರಿಯಲಿಲ್ಲ.

1921ರಲ್ಲಿ ವಿಜ್ಞಾನಿ ಆಟೋ ಲೋವಿ ಎರಡು ಕಪ್ಪೆ ಹೃದಯಗಳನ್ನು ತೆಗೆದುಕೊಂಡರು. ಎರಡೂ ಉಪ್ಪುನೀರಿನಲ್ಲಿ ಬಡಿಯುತ್ತಿದ್ದವು. ಒಂದಕ್ಕೆ ವೇಗಸ್ ನರ ಇನ್ನೂ ಅಂಟಿಕೊಂಡಿತ್ತು. ಆ ನರವನ್ನು ಕೆಣಕಿದರು, ಬಡಿತ ಇಳಿಯಿತು. ಆ ಹೃದಯ ಮುಳುಗಿದ್ದ ನೀರನ್ನು ತೆಗೆದು, ನರವೇ ಇಲ್ಲದ ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ಅಂದರೆ ನರ ಯಾವುದೋ ರಸವನ್ನು ಬಿಟ್ಟಿತ್ತು, ಅದು ನೀರಿಗೆ ಸೇರಿತ್ತು. ಅದೇ ಅಸಿಟೈಲ್‌ಕೋಲಿನ್. ಈ ಪ್ರಯೋಗ ತನಗೆ ಕನಸಿನಲ್ಲಿ ಹೊಳೆಯಿತು ಎಂದು ಲೋವಿ ಹೇಳುತ್ತಿದ್ದರು. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಂತು.

ಬಾರುಕೋಲು ಅಂದರೆ ಅಡ್ರಿನಲಿನ್ ಮತ್ತು ಅದರ ಬಳಗ. ಸಿಟ್ಟು, ಭಯ, ಓಟ, ನೋವು, ರಕ್ತ ಕಡಿಮೆಯಾಗುವುದು, ಎಲ್ಲವೂ ಆ ಕೋಲನ್ನು ಮೇಲೆತ್ತುತ್ತವೆ. ಇನ್ನೊಬ್ಬರ ಹೃದಯ ಕಸಿ ಮಾಡಿಸಿಕೊಂಡವರಲ್ಲಿ ನರಗಳು ಕತ್ತರಿಸಿಹೋಗಿರುತ್ತವೆ. ಅವರ ಎದೆ ಕೂತಲ್ಲೇ 90, 100ರ ಹತ್ತಿರ ಬಡಿಯುತ್ತದೆ. ಮೂಗುದಾರ ಇಲ್ಲದ ಎತ್ತು ಅದು.

ಈಗ ಅಕ್ಕನ ಕ್ಯಾಲೆಂಡರಿಗೆ ಬನ್ನಿ. ಬೈಪಾಸ್ ಅಂದರೆ ಎದೆಮೂಳೆ ಕೊಯ್ದು, ಕಾಲಿನ ರಕ್ತನಾಳವನ್ನೋ ಎದೆಗೋಡೆಯ ಒಳಗಿನ ನಾಳವನ್ನೋ ತಂದು, ಕಟ್ಟಿಕೊಂಡ ನಾಳದ ಆಚೆಗೆ ಜೋಡಿಸುವುದು. ಹರಿಯದ ನಾಲೆಗೆ ಪಕ್ಕದಲ್ಲಿ ಹೊಸ ಕಾಲುವೆ ತೋಡಿದ ಹಾಗೆ. ಕಾಲಿನ ನಾಳ ಬಳಸುವ ಈ ವಿಧಾನವನ್ನು ಅರ್ಜೆಂಟೀನಾದ ರೆನೆ ಫವಲೋರೋ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ನೆಲೆಗೊಳಿಸಿದರು. ಹೃದಯಕ್ಕೆ ಒಳ್ಳೆಯದೇ, ಆದರೆ ಮೈಗೆ ಅದು ದೊಡ್ಡ ಏಟು. ರಕ್ತ ಹೋಗಿರುತ್ತದೆ, ಒಳಗೆಲ್ಲ ಉರಿಯೂತ, ಕೆಮ್ಮಿದರೆ ನೋವು, ನಿದ್ದೆ ಇಲ್ಲ. ಬಾರುಕೋಲು ಇಳಿಯುವುದೇ ಇಲ್ಲ. ವೇಗಸ್ ನರದ ಹಿಡಿತವೂ ಕೆಲವು ವಾರ ಸಡಿಲವಾಗಿರುತ್ತದೆ. ಹಾಗಾಗಿ ಮೊದಲ ವಾರಗಳಲ್ಲಿ 90 ಇತ್ತು. ಅದು ಭಾವನ ಸಹಜ ಬಡಿತ ಆಗಿರಲೇ ಇಲ್ಲ. ಗಾಯಗೊಂಡ ಮೈಯ ಬಡಿತ ಅದು. ನಾವು ಅದನ್ನೇ ಸರಿ ಎಂದುಕೊಂಡು, ಮೈ ಚೇತರಿಸಿಕೊಂಡು ಬಡಿತ ಇಳಿದಾಗ ಹೆದರಿದೆವು.

ಇಳಿಯಲು ಇನ್ನೆರಡು ಕಾರಣ ಇದ್ದವು. ಒಂದು, ಬೆಳಿಗ್ಗೆಯ ಮಾತ್ರೆ. ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್. ಈ ಜಾತಿಯ ಔಷಧಿಯನ್ನು 1960ರ ದಶಕದಲ್ಲಿ ಬಳಕೆಗೆ ತಂದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. 1988ರ ನೊಬೆಲ್ ಅವರಿಗೆ ಸಂದಿತು. ಅದು ಮೂಗುದಾರವನ್ನು ಎಳೆಯುವುದಿಲ್ಲ, ಬಾರುಕೋಲಿನ ಏಟು ಮೈಗೆ ತಾಗದಂತೆ ಮಾಡುತ್ತದೆ. ಆಪರೇಷನ್ ಆದ ಎರಡು ಮೂರು ದಿನಕ್ಕೆ ಬಹಳ ಜನರ ಬಡಿತ ತಾಳ ತಪ್ಪಿ ಓಡತೊಡಗುತ್ತದೆ. ಅದನ್ನು ತಡೆಯಲೂ ಈ ಮಾತ್ರೆ ಬೇಕು. ಪಲ್ಸ್ ಕಡಿಮೆ ತೋರಿಸಿತು ಎಂದು ಇದನ್ನು ನಾವೇ ನಿಲ್ಲಿಸಿಬಿಟ್ಟರೆ ಅಪಾಯ. ಇಷ್ಟು ದಿನ ತಡೆದಿಟ್ಟ ಏಟುಗಳು ಒಮ್ಮೆಲೇ ಬಿದ್ದ ಹಾಗಾಗಿ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ಅಕ್ಕನಿಗೆ ಮಾತ್ರೆ ಮುಚ್ಚಿಡುವ ಯೋಚನೆ ಬಂದಿತ್ತು. ಸದ್ಯ, ಹಾಗೆ ಮಾಡಲಿಲ್ಲ.

ಎರಡನೆಯದು ನಲವತ್ತು ವರ್ಷದ ಗೇಯ್ಮೆ. ದಿನವಿಡೀ ಮೈಮುರಿದು ದುಡಿಯುವವರ ಹೃದಯ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುವುದನ್ನು ಕಲಿತಿರುತ್ತದೆ. ಸಾಮಾನ್ಯವಾಗಿ ಒಂದು ಬಡಿತಕ್ಕೆ 70 ಮಿಲಿಲೀಟರ್. 70 ಸಲ ಬಡಿದರೆ ನಿಮಿಷಕ್ಕೆ ಸುಮಾರು 5 ಲೀಟರ್. 95 ಮಿಲಿಲೀಟರ್ ತಳ್ಳುವ ಹೃದಯಕ್ಕೆ ಅದೇ 5 ಲೀಟರಿಗೆ 52 ಬಡಿತ ಸಾಕು. ದೊಡ್ಡ ಬಿಂದಿಗೆ ಇದ್ದವರು ಬಾವಿಗೆ ಕಡಿಮೆ ಸಲ ಹೋಗುತ್ತಾರೆ. ಓಟಗಾರರ ಬಡಿತ ಕಡಿಮೆ ಇರುವುದಕ್ಕೆ ವೇಗಸ್ ನರವೊಂದೇ ಕಾರಣ ಎಂದು ಬಹಳ ಕಾಲ ನಂಬಿದ್ದರು. 2014ರಲ್ಲಿ ಮ್ಯಾಂಚೆಸ್ಟರಿನ ವಿಜ್ಞಾನಿಗಳು ಇಲಿಗಳನ್ನು ಓಡಿಸಿ ನೋಡಿದಾಗ, ಬಡಿತ ಹುಟ್ಟಿಸುವ ಆ ಗಂಟೇ ಬದಲಾಗಿತ್ತು. ಅಲ್ಲಿ ವಿದ್ಯುತ್ ಹರಿಯಲು ಬಿಡುವ ಸೂಕ್ಷ್ಮ ದ್ವಾರಗಳು ಕಡಿಮೆಯಾಗಿದ್ದವು. ದುಡಿಮೆ ಹೃದಯದ ಬೇರಿಗೇ ಮುಟ್ಟುತ್ತದೆ.

ನಿಧಾನ ಬಡಿತದಿಂದ ಬೈಪಾಸ್ ಆದವರಿಗೆ ಇನ್ನೊಂದು ಲಾಭ ಇದೆ. ಇದನ್ನು ತಿಳಿದ ಮೇಲೆ ನನಗೆ ನಿಜಕ್ಕೂ ನೆಮ್ಮದಿಯಾಯಿತು. ಮೈಯ ಬೇರೆ ಅಂಗಗಳಿಗೆ ರಕ್ತ ಜೋರಾಗಿ ಹರಿಯುವುದು ಹೃದಯ ಹಿಂಡಿದಾಗ. ಹೃದಯದ ಎಡಗೋಡೆಗೆ ಮಾತ್ರ ಹೆಚ್ಚಿನ ರಕ್ತ ಹರಿಯುವುದು ಅದು ಸಡಿಲವಾದಾಗ. ಹಿಂಡುವಾಗ ಆ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅಮುಕಿಬಿಡುತ್ತದೆ. ಗದ್ದೆಯಲ್ಲಿ ರಬ್ಬರ್ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಕಾಲು ತೆಗೆದಾಗಲೇ ನೀರು. ನಿಮಿಷಕ್ಕೆ 60 ಬಡಿದರೆ ಒಂದು ಬಡಿತಕ್ಕೆ ಒಂದು ಸೆಕೆಂಡು. ಅದರಲ್ಲಿ ಹಿಂಡಲು ಮೂರನೇ ಒಂದು ಭಾಗ, ಉಳಿದ ಎರಡು ಭಾಗ ಬಿಡುವು. 120 ಬಡಿದರೆ ಒಟ್ಟು ಸಿಗುವುದೇ ಅರ್ಧ ಸೆಕೆಂಡು, ಬಿಡುವು ಕಾಲು ಸೆಕೆಂಡಿನಷ್ಟು. ಹಿಂಡುವ ಸಮಯ ಅಷ್ಟಾಗಿ ಕುಗ್ಗುವುದಿಲ್ಲ, ಕುಗ್ಗುವುದು ಬಿಡುವಿನ ಸಮಯ. ನಿಧಾನ ಬಡಿಯುವ ಎದೆಗೆ ತಾನೂ ಉಣ್ಣಲು ಪುರುಸೊತ್ತು ಸಿಗುತ್ತದೆ.

ಎರಡು ದಿನ ಕಳೆದು ಭಾವನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಇಸಿಜಿ ತೆಗೆದರು. ಅದನ್ನು ಮೇಜಿನ ಮೇಲೆ ಹರಡಿ, ಡಾಕ್ಟರ್ ಕೇಳಿದ್ದು ಮೂರೇ ಪ್ರಶ್ನೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಾ? ಎಂದಾದರೂ ಎಚ್ಚರ ತಪ್ಪಿದ ಹಾಗೆ ಆಗಿದೆಯಾ? ಹೋದ ವಾರ ನಡೆದಷ್ಟು ದೂರ ಈ ವಾರ ನಡೆದರೆ ದಮ್ಮು ಕಟ್ಟುತ್ತಾ? ಭಾವ ಮೂರಕ್ಕೂ ಇಲ್ಲ ಎಂದರು. ಆಮೇಲೆ ಡಾಕ್ಟರ್ ಔಷಧಿ ಚೀಟಿ ಮುಟ್ಟಲಿಲ್ಲ. ನರ್ಸ್ ಒಬ್ಬರನ್ನು ಕರೆದು, ಇವರನ್ನು ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ಎಂದರು.

ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಭಾವ ಪಂಚೆಯ ತುದಿ ಒಂದು ಕೈಯಲ್ಲಿ ಹಿಡಿದು, ಗದ್ದೆ ಬದುವಿನ ಮೇಲೆ ನಡೆಯುವವರ ಹಾಗೆ ನೇರ ಗೆರೆಯಲ್ಲಿ ನಡೆದರು. ಆ ಕಡೆಯ ಕಿಟಕಿವರೆಗೆ, ಮತ್ತೆ ಈ ಕಡೆಯ ಬೆಂಚಿನವರೆಗೆ. ನಾಲ್ಕನೇ ನಿಮಿಷಕ್ಕೆ ಹಣೆಯಲ್ಲಿ ಬೆವರು ಹನಿಯಿತು. ಆರು ನಿಮಿಷ ಆದಾಗ ನರ್ಸ್ ಪಲ್ಸ್ ನೋಡಿದರು. 86. ಡಾಕ್ಟರ್ ಅಕ್ಕನ ಕಡೆ ತಿರುಗಿ, "ಏರ್ತಲ್ಲಮ್ಮ, ನನಗೆ ಬೇಕಾಗಿದ್ದು ಅದೇ" ಎಂದರು.

ಈ ವಿಷಯದಲ್ಲಿ ನಾನು ಕಲಿತ ದೊಡ್ಡ ಮಾತು ಅದು. ಕೂತಾಗ ಎಷ್ಟು ಅನ್ನುವುದು ಅರ್ಧ ಸುದ್ದಿ. ನಡೆದಾಗ ಏರುತ್ತದಾ, ನಿಂತಾಗ ಇಳಿಯುತ್ತದಾ ಅನ್ನುವುದು ಉಳಿದರ್ಧ. ಕೆಲಸ ಕೊಟ್ಟರೂ ಏರದ ಹೃದಯ, ಅದು ಚಿಂತೆಯ ವಿಷಯ. ಪುಸ್ತಕಗಳಲ್ಲಿ 60ರ ಕೆಳಗಿನ ಬಡಿತಕ್ಕೆ ನಿಧಾನ ಬಡಿತ ಎಂಬ ಹೆಸರಿದೆ. ಆದರೆ 2018ರ ಅಮೆರಿಕದ ಹೃದಯ ತಜ್ಞರ ಮಾರ್ಗಸೂಚಿ ಆ ಗೆರೆಯನ್ನು 50ಕ್ಕೆ ಇಳಿಸಿದೆ. ಅಲ್ಲೂ, ಬಡಿತ ಹುಟ್ಟಿಸುವ ಗಂಟೇ ನಿಧಾನವಾದವರಲ್ಲಿ, ಲಕ್ಷಣ ಇದ್ದರೆ ಮಾತ್ರ ಚಿಕಿತ್ಸೆಯ ಮಾತು.

ಹಾಗಂತ ಕಡಿಮೆ ಬಡಿತವನ್ನೆಲ್ಲ ಒಳ್ಳೆಯದು ಎಂದು ಬಿಟ್ಟುಬಿಡುವ ಹಾಗೂ ಇಲ್ಲ. ಮುಖ್ಯವಾಗಿ ವಾಲ್ವ್ ಆಪರೇಷನ್ ಆದವರು. ಮೇಲಿನ ಗಂಟಿನಿಂದ ಹೊರಟ ಮಿಡಿತ ಕೆಳಗಿನ ಕೋಣೆಗಳಿಗೆ ಇಳಿಯುವ ದಾರಿ ಮಹಾಪಧಮನಿಯ ವಾಲ್ವಿಗೆ ಅಂಟಿಕೊಂಡ ಹಾಗೇ ಹಾದುಹೋಗುತ್ತದೆ. ಹೊಲಿಗೆಯ ಬಾವಿನಿಂದ ಅದಕ್ಕೆ ಪೆಟ್ಟಾಗಬಹುದು. ಆಗ ಮೇಲೆ 80 ಬಡಿದರೂ ಕೆಳಗೆ 35, 40 ಮಾತ್ರ ತಲುಪುತ್ತದೆ. ಕೆಲವರಿಗೆ ದಿನ ಕಳೆದ ಹಾಗೆ ಸರಿಹೋಗುತ್ತದೆ, ಕೆಲವರಿಗೆ ಪೇಸ್‌ಮೇಕರ್ ಹಾಕಬೇಕಾಗುತ್ತದೆ. ಆಪರೇಷನ್ ಆದ ಹೊಸತರಲ್ಲಿ ಎದೆಯಿಂದ ಹೊರಗೆ ಬಂದಿರುವ ತೆಳ್ಳನೆ ತಂತಿಗಳು ಇದಕ್ಕಾಗಿಯೇ. ಬೇಕಾದರೆ ಹೊರಗಿನಿಂದ ಬಡಿತ ಕೊಡಲು. ಮನೆಗೆ ಕಳಿಸುವ ಮುಂಚೆ ಅದನ್ನು ಎಳೆದು ತೆಗೆಯುತ್ತಾರೆ. ಯಾವ ಆಪರೇಷನ್ ಆದವರಿಗೇ ಆಗಲಿ, ಕಣ್ಣು ಕತ್ತಲೆ, ಎಚ್ಚರ ತಪ್ಪುವುದು, ಹೊಸದಾಗಿ ಏದುಸಿರು, ಕಾಲು ಊತ, ಎದೆನೋವು ಬಂದರೆ ಅಂಕಿ ಎಷ್ಟೇ ಇರಲಿ ಆಸ್ಪತ್ರೆಗೆ ಹೋಗಬೇಕು.

ಯಂತ್ರವೂ ತಪ್ಪು ಹೇಳಬಹುದು. ಒಂದು ಸಲ ಭಾವನ ಆಕ್ಸಿಮೀಟರ್ 38 ತೋರಿಸಿತು. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಟ್ಟು ನೋಡಿದೆ. ಒಂದು ಬಲವಾದ ಬಡಿತ, ಅದರ ಹಿಂದೆಯೇ ಮುಟ್ಟಿಯೂ ಮುಟ್ಟದಂಥ ಇನ್ನೊಂದು, ಆಮೇಲೆ ಬಿಡುವು. ಹೃದಯ ನಡುವೆ ಅವಸರದ ಬಡಿತ ಹಾಕುತ್ತಿತ್ತು. ಅಂಥ ಬಡಿತದಲ್ಲಿ ಕೋಣೆ ತುಂಬಿರುವುದಿಲ್ಲ, ಬೆರಳ ತುದಿವರೆಗೆ ಅಲೆ ಮುಟ್ಟುವುದಿಲ್ಲ. ಯಂತ್ರ ಎರಡಕ್ಕೆ ಒಂದೇ ಎಣಿಸಿತ್ತು. ಇಸಿಜಿಯಲ್ಲಿ ಅದೇ ಹೊತ್ತಿಗೆ 76 ಇತ್ತು. ಇಂಥದ್ದನ್ನು ಡಾಕ್ಟರಿಗೆ ತೋರಿಸಲೇಬೇಕು. ಆದರೆ ಎದೆ ನಿಂತೇಹೋಯಿತು ಎಂದು ಗಾಬರಿಯಾಗಬೇಕಿಲ್ಲ. ಹೆಬ್ಬೆರಳಿನಿಂದ ಮಾತ್ರ ಎಣಿಸಬೇಡಿ, ಅದರಲ್ಲಿ ನಿಮ್ಮದೇ ನಾಡಿ ಸಿಗಬಹುದು. ತಾಳ ತಪ್ಪಿದೆ ಅನ್ನಿಸಿದರೆ ಪೂರ್ತಿ ಒಂದು ನಿಮಿಷ ಎಣಿಸಿ.

ಇನ್ನು ಮಲಗಿರುವ ವಿಚಾರ. ನಮ್ಮ ನೆಂಟರ ಮಾತು ಒಂದು ಕಾಲಕ್ಕೆ ಡಾಕ್ಟರುಗಳ ಮಾತೂ ಆಗಿತ್ತು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತ ಆದವರನ್ನು ಆರು ವಾರ ಹಾಸಿಗೆಯಲ್ಲೇ ಮಲಗಿಸುತ್ತಿದ್ದರು. ಆದರೆ ಅದಕ್ಕೂ ಬಹಳ ಮುಂಚೆಯೇ ಬೇರೆ ಮಾತು ಹೇಳಿದವರಿದ್ದರು. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಎದೆನೋವಿನ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. 1802ರಲ್ಲಿ ಅಚ್ಚಾದ ಬರಹ ಅದು. ಆತ ದಿನಾ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಇಟ್ಟುಕೊಂಡಿದ್ದನಂತೆ. ನೋವು ಹೆಚ್ಚುಕಡಿಮೆ ವಾಸಿಯಾಯಿತಂತೆ.

ಮಲಗಿದರೆ ಏನಾಗುತ್ತದೆ ಎಂದು 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಅಳೆದು ನೋಡಿದರು. ಇಪ್ಪತ್ತು ವರ್ಷದ ಐದು ಗಟ್ಟಿಮುಟ್ಟು ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟು ಇಳಿಯಲು ಬಿಡಲಿಲ್ಲ. ಮೈ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದೇ ದುಡಿಮೆಯ ತಾಕತ್ತಿನ ಅಳತೆ. ಅದು ಸರಾಸರಿ ಶೇ 27 ಕುಸಿದಿತ್ತು. ಮೂವತ್ತು ವರ್ಷ ಬಿಟ್ಟು, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆದರು. ಎಲ್ಲರಿಗೂ ಐವತ್ತು ವರ್ಷವಾಗಿತ್ತು, ಮೈ ಬಂದಿತ್ತು. ಆದರೂ ಮೂವತ್ತು ವರ್ಷದ ಮುಪ್ಪು ಇಳಿಸಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಇಳಿಸಿದ್ದೇ ಜಾಸ್ತಿ. ಆರು ತಿಂಗಳು ನಿಧಾನಕ್ಕೆ ವ್ಯಾಯಾಮ ಮಾಡಿಸಿದರು. ಮೂವತ್ತು ವರ್ಷದಲ್ಲಿ ಕಳೆದುಕೊಂಡ ತಾಕತ್ತು ವಾಪಸ್ ಬಂತು. ಇದನ್ನು ಅಕ್ಕನಿಗೆ ಓದಿ ಹೇಳಿದೆ. ಎರಡು ದಿನ ಮಲಗಿಸಿದ್ದಕ್ಕೆ ಅವಳು ನೊಂದುಕೊಂಡಳು. ಇಪ್ಪತ್ತರ ಹುಡುಗರಿಗೇ ಹೀಗಾದರೆ 62ರ ಮೈಗೆ ಏನಾಗಬೇಡ?

ಹೃದ್ರೋಗಿಗಳ ಮೇಲೆ ನಡೆದ ಅಧ್ಯಯನಗಳೂ ಬೇಕಾದಷ್ಟಿವೆ. 2016ರಲ್ಲಿ 63 ಅಧ್ಯಯನಗಳನ್ನು, 14,000ಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ಒಟ್ಟಿಗೆ ಸೇರಿಸಿ ನೋಡಿದರು. ಕ್ರಮವಾಗಿ ವ್ಯಾಯಾಮ ಮಾಡಿಸಿದವರಲ್ಲಿ ಹೃದಯದ ಕಾಯಿಲೆಯಿಂದ ಸಾಯುವವರ ಪ್ರಮಾಣ ಸುಮಾರು ಕಾಲು ಭಾಗ ಕಡಿಮೆ ಇತ್ತು. ನಮ್ಮ ದೇಶದಲ್ಲೇ 24 ಆಸ್ಪತ್ರೆಗಳಲ್ಲಿ, ಹೃದಯಾಘಾತ ಆದ 3,959 ಜನರ ಮೇಲೆ ಯೋಗ ಆಧರಿಸಿದ ಕ್ರಮವನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ್ದಾರೆ. ಮತ್ತೆ ಆಘಾತ ಆಗುವುದು, ಸಾವು ಇವುಗಳಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಯೋಗ ಮಾಡಿದವರು ಬೇಗ ತಮ್ಮ ಕೆಲಸಕ್ಕೆ ಮರಳಿದರು, ಆರೋಗ್ಯ ಚೆನ್ನಾಗಿದೆ ಎಂದರು. ಮನೆಮನೆಯಲ್ಲೂ ಯೋಗದ ಮಾತಿರುವ ಮೈಸೂರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಸರಿ, ಎಷ್ಟು ನಡೆಯಬೇಕು? 220ರಿಂದ ವಯಸ್ಸು ಕಳೆದು ಅದರ ಇಷ್ಟು ಪಾಲು ಪಲ್ಸ್ ಬರಬೇಕು ಎಂಬ ಸೂತ್ರ ಎಲ್ಲ ಕಡೆ ಹರಿದಾಡುತ್ತದೆ. ಬೀಟಾ ಬ್ಲಾಕರ್ ತಗೊಳ್ಳುವವರು ಅದನ್ನು ಮರೆತುಬಿಡಬೇಕು. ಭಾವನಿಗೆ ಆ ಸೂತ್ರದ ಗರಿಷ್ಠ ಅಂಕಿ 158. ಮಾತ್ರೆ ಇರುವಾಗ ಅವರ ಹೃದಯ ಅಲ್ಲಿಗೆ ಹೋಗುವುದಿಲ್ಲ. ಸೂತ್ರದ ಅಂಕಿ ಬರಲಿ ಎಂದು ಹಟ ಹಿಡಿದು ನಡೆದರೆ ಕುಸಿದು ಬೀಳಬಹುದು. ಮಾತ್ರೆ ತಗೊಂಡೇ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರೆ ಅವರದೇ ಮಿತಿ ಗೊತ್ತಾಗುತ್ತದೆ. ಅದು ಆಗುವವರೆಗೆ ಕೂತಾಗಿನ ಪಲ್ಸಿಗಿಂತ 20ರಿಂದ 30 ಏರಿದರೆ ಸಾಕು ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ.

ಇದಕ್ಕಿಂತ ಸುಲಭದ ಅಳತೆ ಉಸಿರು. ಪಕ್ಕದವರ ಜೊತೆ ಮಾತಾಡುತ್ತಾ ನಡೆಯಲು ಆಗಬೇಕು. ವಾಕ್ಯದ ಮಧ್ಯೆ ಉಸಿರಿಗೆ ನಿಲ್ಲಬೇಕಾದರೆ ಜಾಸ್ತಿಯಾಯಿತು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಇದಕ್ಕೊಂದು ಪಟ್ಟಿ ಮಾಡಿದ್ದಾರೆ. 6ರಿಂದ 20ರವರೆಗೆ ಅಂಕ. ಏನೂ ಶ್ರಮವಿಲ್ಲದಿದ್ದರೆ 6, ಇನ್ನಾಗದು ಅನ್ನುವಷ್ಟಾದರೆ 20. ಆಪರೇಷನ್ ಆದವರಿಗೆ 11ರಿಂದ 13, ಹಗುರ ಅನ್ನುವುದಕ್ಕೂ ಸ್ವಲ್ಪ ಕಷ್ಟ ಅನ್ನುವುದಕ್ಕೂ ನಡುವೆ. ಮಾತ್ರೆ ಪಲ್ಸನ್ನು ಹಿಡಿದಿಟ್ಟರೂ ಮೈಗೆ ಆಗುವ ಆಯಾಸ ನಮಗೆ ಗೊತ್ತಾಗುತ್ತದಲ್ಲ, ಅದನ್ನು ನಂಬಬಹುದು.

ಕೆರೆಯ ಸುತ್ತು ಸುಮಾರು 5 ಕಿ.ಮೀ. ಭಾವ ಮೊದಲ ದಿನ ನಡೆದದ್ದು ಐದು ನಿಮಿಷ, ಅದೂ ಮನೆ ಮುಂದಿನ ರಸ್ತೆಯಲ್ಲಿ. ಆ ಕಾಲಕ್ಕೆ ಸರಿಯಾಗಿ ದಸರಾ ಆನೆಗಳು ಬಂದಿದ್ದವು. ಒಂದು ಬೆಳಿಗ್ಗೆ ಆಟೋದಲ್ಲಿ ಹೋಗಿ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ತಾಲೀಮು ನೋಡಿದೆವು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ., ಹೆಚ್ಚುಕಡಿಮೆ ಕೆರೆಯ ಒಂದು ಸುತ್ತಿನಷ್ಟೇ. ಮೊದಮೊದಲು ಆನೆಗಳನ್ನು ಬರಿ ಬೆನ್ನಲ್ಲಿ ನಡೆಸುತ್ತಾರೆ. ಆಮೇಲೆ ಮರಳಿನ ಮೂಟೆ, ದಿನ ಕಳೆದ ಹಾಗೆ ಇನ್ನಷ್ಟು ಮೂಟೆ, ಆಮೇಲೆ ಮರದ ಅಂಬಾರಿ. ಚಿನ್ನದ ಅಂಬಾರಿ 750 ಕಿಲೋ. ಅದನ್ನು ಹೊರುವುದು ವಿಜಯದಶಮಿಯ ದಿನ. ಆನೆಯ ಎದೆ ನಿಂತಲ್ಲಿ ನಿಮಿಷಕ್ಕೆ 30ರ ಆಸುಪಾಸು ಬಡಿಯುತ್ತದೆ ಎಂದು ಭಾವನಿಗೆ ಹೇಳಿದೆ. ಅವರು ಬಹಳ ಹೊತ್ತು ಆ ಆನೆಯನ್ನೇ ನೋಡಿದರು. "ಅಷ್ಟು ದೊಡ್ಡ ಆನೆಗೇ ಮೊದಲ ದಿನ ಅಂಬಾರಿ ಹೊರಿಸಲ್ಲ, ಅಲ್ವಾ" ಎಂದರು.

ಹೊರುವ ಮಾತು ಬಂತು. ಕೊಯ್ದ ಎದೆಮೂಳೆಯನ್ನು ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು ಎಂಟು ವಾರವಾದರೂ ಬೇಕು, ಗಟ್ಟಿಯಾಗಲು ಮೂರು ತಿಂಗಳು. ಅಲ್ಲಿವರೆಗೆ ನೀರಿನ ಬಿಂದಿಗೆ, ಗ್ಯಾಸ್ ಸಿಲಿಂಡರ್, ಮೊಮ್ಮಗುವನ್ನು ಎತ್ತುವುದು ಬೇಡ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅಪ್ಪಿಕೊಂಡು ಕೆಮ್ಮಬೇಕು. ಉಸಿರು ಬಿಗಿಹಿಡಿದು ತಿಣುಕುವುದು ಯಾವುದಕ್ಕೂ ಒಳ್ಳೆಯದಲ್ಲ, ಮಲಬದ್ಧತೆಗೆ ಔಷಧಿ ಕೊಡುವುದು ಅದಕ್ಕೇ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುವ ಹರಕೆ ಅಕ್ಕನದಿತ್ತು. ಸಾವಿರ ಮೆಟ್ಟಿಲು. ಟ್ರೆಡ್‌ಮಿಲ್ ಪರೀಕ್ಷೆ ಆಗಲಿ, ಆಮೇಲೆ ಮಾತಾಡೋಣ ಎಂದರು ಡಾಕ್ಟರ್. ಹರಕೆ ಕಾಯುತ್ತದೆ.

ನಡಿಗೆ ಮುಗಿಸುವಾಗಿನ ಎಚ್ಚರವನ್ನು ಬಹಳ ಜನ ಕಡೆಗಣಿಸುತ್ತಾರೆ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತದೆ. ಬೇರೆಯವರಾದರೆ ಬಡಿತ ಜೋರಾಗಿ ಸರಿದೂಗಿಸುತ್ತದೆ. ಬೀಟಾ ಬ್ಲಾಕರ್ ಇದ್ದವರಿಗೆ ಅದು ಸುಲಭವಲ್ಲ. ತಲೆ ಸುತ್ತುತ್ತದೆ. ಕೊನೆಯ ಐದು ನಿಮಿಷ ನಿಧಾನ ನಡೆದೇ ನಿಲ್ಲಬೇಕು.

ಹನ್ನೆರಡನೇ ವಾರದ ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಇಪ್ಪತ್ತೈದು ನಿಮಿಷ ನಡೆದು ಕಲ್ಲುಬೆಂಚಿನಲ್ಲಿ ಕೂತೆವು. ನೀರಿನ ಆಚೆ ಮರಗಳ ಮೇಲೆ ಹೆಜ್ಜಾರ್ಲೆಗಳು ರೆಕ್ಕೆ ಒಣಗಿಸುತ್ತಿದ್ದವು. ಭಾವ ತಾವೇ ಕೈ ಚಾಚಿದರು. ಮೂರು ಬೆರಳಿಟ್ಟು ಗಡಿಯಾರ ನೋಡಿ ಹದಿನೈದು ಸೆಕೆಂಡು ಎಣಿಸಿದೆ, 22. ಅಂದರೆ ನಿಮಿಷಕ್ಕೆ 88. ವ್ಯಾಯಾಮ ನಿಲ್ಲಿಸಿದ ಒಂದು ನಿಮಿಷದಲ್ಲಿ ಪಲ್ಸ್ ಎಷ್ಟು ಇಳಿಯುತ್ತದೆ ಎಂಬುದರಲ್ಲಿ ಹೃದಯದ ಭವಿಷ್ಯದ ಸುಳಿವಿದೆ ಎಂದು 1999ರಲ್ಲಿ ಕ್ಲೀವ್‌ಲ್ಯಾಂಡಿನ ವೈದ್ಯರು ತೋರಿಸಿದ್ದರು. ಟ್ರೆಡ್‌ಮಿಲ್ ಮೇಲೆ ಪೂರ್ತಿ ದಣಿದಾಗ ಅಳೆಯುವ ಲೆಕ್ಕ ಅದು, 12ಕ್ಕಿಂತ ಜಾಸ್ತಿ ಇಳಿಯಬೇಕು. ಬೆಂಚಿನ ಮೇಲೆ ಕೂತು ಎಣಿಸಿದ್ದು ಅದಕ್ಕೆ ಸಮವಲ್ಲ. ಆದರೂ ಮೂಗುದಾರ ಹಿಡಿಯುವ ಕೈ ವಾಪಸ್ ಬಂದಿದೆಯಾ ಎಂದು ನೋಡುವ ಆಸೆ ನನಗೆ.

ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿದೆ. 17. ನಿಮಿಷಕ್ಕೆ 68.

ಎಷ್ಟು ಎಂದು ಭಾವ ಕೇಳಿದರು. ಹೇಳಿದೆ. ಅವರು ಪಂಚೆ ಸರಿಮಾಡಿಕೊಂಡು ಎದ್ದರು. ಆ ಮುಂದಿನ ಬೆಂಚಿನವರೆಗೆ ಹೋಗಿ ಬರೋಣ ನಡಿ ಎಂದರು.